ಸೈಕಲ್ ಸಿಕ್ಕಿತು, ನಿಮ್ಮದೆನ್ನಲು ಏನಿದೆ?

ಕಳುವಾದ ಸೈಕಲ್ ಠಾಣೆಯ ಅಂಗಳದಲ್ಲಿ ಕಣ್ಣಿಗೆ ಬಿದ್ದರೂ ‘ಇದು ನಂದೇ ಸಾರ್’ ಎಂದರೆ ಸಾಲದು. ಬಣ್ಣ ನಂಬುವಂತಿಲ್ಲ, 2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಹಂಚತೊಡಗಿದ ಮೇಲೆ ಶಾಲೆಯಂಗಳದಲ್ಲಿ ಒಂದೇ ಥರದವು ಸಾಲುಗಟ್ಟಿ ನಿಂತದ್ದನ್ನು ಕಂಡವರಿಗೆ ಇದು ಗೊತ್ತು. ಗುರುತು ಹೇಳುವುದು ಫ್ರೇಮ್ ನಂಬರು. ಹೆಚ್ಚಾಗಿ ಅದು ಎರಡು ಪೆಡಲುಗಳ ನಡುವೆ ಅಡಿಭಾಗದಲ್ಲಿ, ಕೆಸರು ಮೆತ್ತುವ ಜಾಗದಲ್ಲೇ ಇರುತ್ತದೆ! ಸೈಕಲನ್ನು ಬೋರಲು ಹಾಕಿ, ಒರೆಸಿ, ಇಂದೇ ಬರೆದಿಡಿ. ಬಿಲ್ಲಿನಲ್ಲೂ ದೂರಿನಲ್ಲೂ ಅದೇ ನಂಬರು ಇರಲಿ. ಎಫ್‌ಐಆರ್ ಪ್ರತಿ ಉಚಿತ. ಪೊಲೀಸರು ಜಪ್ತಿ ಮಾಡಿ ಕೋರ್ಟಿಗೆ ತಿಳಿಸಿದ ಸೈಕಲನ್ನು ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಮೊಕದ್ದಮೆ ಮುಗಿಯಲೆಂದು ಕಾಯಬೇಕಿಲ್ಲ. ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಇಂಥ ಮಾಲನ್ನು ಬೇಗ ಬಿಡಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಬಿಲ್ ಅಪ್ಪನ ಹೆಸರಿನಲ್ಲಿದ್ದರೆ ಅರ್ಜಿಯೂ ಅಪ್ಪನದೇ ಇರಲಿ.