ಹೂಳಿನ ಪರೀಕ್ಷೆ: ವ್ಯಾಪಾರಸ್ಥರೂ ಕೇಳಬೇಕಾದ ಪ್ರಶ್ನೆ

ಬೇಸಿಗೆಯಲ್ಲಿ ಕೆರೆ ಬತ್ತಿದೊಡನೆ ಗೋಡು ತೆಗೆದು ತೋಟಕ್ಕೆ ಹೊಡೆಸುವುದು ಪಂಚನಹಳ್ಳಿಯ ತೆಂಗು ಬೆಳೆಗಾರರೂ ಸೇರಿದಂತೆ ಕಡೂರು ಸೀಮೆಯ ರೈತರಿಗೆಲ್ಲ ಪರಿಚಿತವಾದ ಪದ್ಧತಿ. ಕಪ್ಪಗೆ, ಜಿಗುಟಾಗಿರುವ ಗೋಡಿಗೇ ಬೇಡಿಕೆ ಹೆಚ್ಚು. ಅದರ ಫಲವತ್ತತೆಯಲ್ಲಿ ಸಂದೇಹವಿಲ್ಲ. ಆದರೆ ನೀರಿನೊಡನೆ ಬರುವ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ತಾಮ್ರಗಳಂತಹ ಭಾರಲೋಹಗಳು ಅಂಟಿಕೊಳ್ಳುವುದೂ ಆ ನುಣುಪು ಜೇಡಿಗೇ. ದಪ್ಪ ಮರಳು ಹಳ್ಳವು ಕೆರೆಗೆ ಸೇರುವಲ್ಲಿಯೇ ನಿಂತುಬಿಡುತ್ತದೆ. ಜೇಡಿಯು ಏರಿಯ ಬುಡದವರೆಗೆ ತೇಲಿ ಬಂದು ತಂಗುತ್ತದೆ.

ಈ ಕಾರಣದಿಂದ ಜಲಾಶಯದ ನೀರು ಪರೀಕ್ಷೆಯಲ್ಲಿ ಶುದ್ಧವೆನಿಸಿದರೂ ತಳದ ಹೂಳು ಹಾಗಿರಬೇಕೆಂದಿಲ್ಲ. ಲೋಹವು ಕೊಳೆತು ನಾಶವಾಗುವ ವಸ್ತುವಲ್ಲ. ತಳದ ನೀರಿನಲ್ಲಿ ಆಮ್ಲಜನಕ ಕುಂದಿದಾಗ, ಅಥವಾ ಹೂಳನ್ನು ಮೇಲೆತ್ತಿ ಗಾಳಿಗೊಡ್ಡಿದಾಗ, ಅಂಟಿಕೊಂಡಿದ್ದ ಲೋಹದ ಒಂದಂಶ ಬಿಡುಗಡೆಯಾಗಬಲ್ಲದು. ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಆರಂಭದ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿರುವುದನ್ನು ಎಲ್ಲರೂ ಚರ್ಚಿಸುತ್ತಾರೆ. ಹೂಳು ಎಷ್ಟು ಎಂಬ ಲೆಕ್ಕವಿದೆ. ಹೂಳಿನಲ್ಲಿ ಏನಿದೆ ಎಂಬ ಪ್ರಶ್ನೆ ಮಾತ್ರ ಅಪರೂಪ.

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಸಂಗತಿಯನ್ನೇ ನೋಡಬಹುದು. ಅದರ ಜಲಾನಯನ ಪ್ರದೇಶದ ಕುದುರೆಮುಖದಲ್ಲಿ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿಗಾರಿಕೆಯು ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನ ಮೇರೆಗೆ 2005ರ ಅಂತ್ಯಕ್ಕೆ ನಿಂತಿತು. ಗಣಿ ನಿಂತಿತೆಂದು ಅದುವರೆಗೆ ನದಿಗಿಳಿದ ಮಣ್ಣು ಹಿಂದಕ್ಕೆ ಹೋಗಲಿಲ್ಲ. ಎಲ್ಲವನ್ನೂ ಗಣಿಯ ತಲೆಗೆ ಕಟ್ಟುವುದೂ ನ್ಯಾಯವಲ್ಲ. ಅಡಿಕೆಯ ಕೊಳೆರೋಗಕ್ಕೂ ಕಾಫಿಗೂ ಸಿಂಪಡಿಸುವ ಬೋರ್ಡೋ ಮಿಶ್ರಣದಲ್ಲಿ 100 ಲೀಟರಿಗೆ 1 ಕಿಲೋ ಮೈಲುತುತ್ತವಿರುತ್ತದೆ. ಅದರಲ್ಲಿ ಕಾಲು ಕಿಲೋದಷ್ಟು ಶುದ್ಧ ತಾಮ್ರ. ಮಳೆಗೆ ತೊಳೆದುಹೋಗುವ ಪಾಲು ಹಳ್ಳ ಸೇರುತ್ತದೆ. ತಾಮ್ರವು ಅಲ್ಪ ಪ್ರಮಾಣದಲ್ಲಿ ಗಿಡಕ್ಕೆ ಪೋಷಕವೇ. ಸೀಸ, ಕ್ಯಾಡ್ಮಿಯಂಗಳಿಗೆ ಆ ಯೋಗ್ಯತೆಯೂ ಇಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಅಜ್ಜಂಪುರದ ಸುರಂಗವನ್ನು ದಾಟಿ ವಾಣಿವಿಲಾಸ ಸಾಗರದತ್ತ ಹರಿಯಲಾರಂಭಿಸಿದ ಮೇಲೆ, ಭದ್ರೆಯ ತಳದಲ್ಲಿ ಏನಿದೆಯೆಂಬುದು ಬಯಲುಸೀಮೆಯ ಪ್ರಶ್ನೆಯೂ ಆಗಿದೆ.

ಉದಾಸೀನದ ಫಲವನ್ನು ಕಾಣಲು ಬಿಡದಿ ಸಮೀಪದ ಬೈರಮಂಗಲ ಜಲಾಶಯದವರೆಗೆ ಹೋಗಿಬಂದರೆ ಸಾಕು. ನೀರಾವರಿಗೆಂದು ಕಟ್ಟಿದ ಆ ಜಲಾಶಯಕ್ಕೆ ವೃಷಭಾವತಿಯು ಬೆಂಗಳೂರಿನ ಚರಂಡಿ ನೀರನ್ನೂ ಕಾರ್ಖಾನೆಗಳ ತ್ಯಾಜ್ಯವನ್ನೂ ಹೊತ್ತು ತಂದಿತು. ಅಲ್ಲಿನ ಮಣ್ಣಿನಲ್ಲಿಯೂ ಬೆಳೆಗಳಲ್ಲಿಯೂ ಭಾರಲೋಹಗಳು ಕಂಡುಬಂದಿರುವುದನ್ನು ಸಂಶೋಧಕರು ದಾಖಲಿಸಿದ್ದಾರೆ. ಅದನ್ನು ತಂದವು ದೊಡ್ಡ ಕಾರ್ಖಾನೆಗಳಷ್ಟೇ ಅಲ್ಲ. ಒಂದೆರಡು ತೊಟ್ಟಿಗಳ ಎಲೆಕ್ಟ್ರೋಪ್ಲೇಟಿಂಗ್ ಘಟಕದ ತೊಳೆನೀರಿನಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತವೆ. ಹಳೆಯ ಬ್ಯಾಟರಿಯ ಆಮ್ಲವನ್ನು ಮೋರಿಗೆ ಚೆಲ್ಲಿದಾಗ ಸೀಸವೂ ಜೊತೆಯಲ್ಲಿ ಹೋಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳೂ ಸಣ್ಣ ಉದ್ದಿಮೆದಾರರಿಗೆ ಕಿರಿಕಿರಿಯೆನಿಸುವುದು ಸಹಜ. ಆದರೆ ಮೋರಿಯ ಕೊನೆಯಲ್ಲಿರುವುದು ನೆರೆಯವರದೇ ಕೆರೆ.

ಇಂತಹ ಮಾತೆತ್ತಿದರೆ ಕೊಬ್ಬರಿಯ ಧಾರಣೆಗೆ ಪೆಟ್ಟು ಬೀಳುತ್ತದೆಂಬ ಅಳುಕು ವರ್ತಕರಲ್ಲಿದೆ. ವಾಸ್ತವದಲ್ಲಿ ಕಾಯಿಗಿಂತ ಸೊಪ್ಪು, ಮೇವುಗಳೇ ಕ್ಯಾಡ್ಮಿಯಂ ಅನ್ನು ಹೆಚ್ಚಾಗಿ ಹೀರುತ್ತವೆ. ತೆಂಗಿನ ನಡುವೆ ಬೆಳೆಯುವ ಹುಲ್ಲು, ತರಕಾರಿಗಳ ಮೇಲೆ ಮೊದಲು ಕಣ್ಣಿಡಬೇಕು. ಪರೀಕ್ಷೆಗೆ ಕೊಡುವುದೆಂದರೆ ದೋಷವನ್ನು ಒಪ್ಪಿಕೊಂಡಂತಲ್ಲ. ಆಹಾರ ಪದಾರ್ಥಗಳಲ್ಲಿ ಸೀಸ, ಕ್ಯಾಡ್ಮಿಯಂಗಳಿಗೆ ಭಾರತದಲ್ಲಿಯೂ ಐರೋಪ್ಯ ಒಕ್ಕೂಟದಲ್ಲಿಯೂ ಮಿತಿಗಳಿವೆ. ಪ್ರಶ್ನೆ ಖರೀದಿದಾರನಿಂದ ಮೊದಲು ಬಂದರೆ, ಉತ್ತರಕ್ಕೆ ಕಾಗದವಿಲ್ಲದ ವರ್ತಕನು ಬೆಲೆ ಇಳಿಸಿಯೇ ಮಾರಬೇಕಾದೀತು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳ ಪರೀಕ್ಷೆಯಿದೆ. ತಾಮ್ರ, ಸತುವು ಅದರಲ್ಲಿ ಸೇರಿವೆ. ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಸೇರಿಲ್ಲ. ಆದುದರಿಂದ ಹೂಳೆತ್ತುವ ಗುತ್ತಿಗೆಯ ಷರತ್ತುಗಳಲ್ಲಿಯೇ ಇವುಗಳ ಪರೀಕ್ಷೆಯನ್ನು ಸೇರಿಸುವಂತೆ ವರ್ತಕರ ಸಂಘಗಳು ಒತ್ತಾಯಿಸುವುದು ಸೂಕ್ತ. ನೀರು ಒಳಬರುವಲ್ಲಿ ಒಂದು, ತೂಬಿನ ಬಳಿ ಒಂದು, ನಡುವೆ ಒಂದು, ಹೀಗೆ ಮೂರು ಮಾದರಿಗಳಾದರೂ ಬೇಕು. ಖರ್ಚನ್ನು ಗೋಡು ಒಯ್ಯುವ ರೈತನೊಬ್ಬನ ಮೇಲೆ ಹೊರಿಸದೆ ಕೊಬ್ಬರಿ, ಅಡಿಕೆ ವರ್ತಕರು ಹಂಚಿಕೊಳ್ಳಬಹುದು. ಫಲಿತಾಂಶವನ್ನು ಮೊದಲ ಟ್ರ್ಯಾಕ್ಟರ್ ಕೆರೆಗಿಳಿಯುವ ಮೊದಲೇ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಅಂಟಿಸಬೇಕು.