ಚಿಕಿತ್ಸೆ ನೀಡಿದ ಕೈ ಯಾರದು, ಬಿಲ್ಲು ಯಾರ ಹೆಸರಲ್ಲಿ?

ಮಧ್ಯಪ್ರದೇಶದ ದಮೋಹ್ ಎಂಬ ಪಟ್ಟಣದ ಖಾಸಗಿ ಆಸ್ಪತ್ರೆಯೊಂದರಲ್ಲಿ 2025ರ ಆರಂಭದಲ್ಲಿ ಓರ್ವ ಹೃದ್ರೋಗ ತಜ್ಞ ಸೇವೆಗೆ ಸೇರಿದ. ಬ್ರಿಟನ್ನಿನ ಪ್ರಸಿದ್ಧ ವೈದ್ಯರೋರ್ವರ ಹೆಸರಿನಲ್ಲಿ ಗುರುತಿಸಿಕೊಂಡಿದ್ದ ಆತ ಹಲವರಿಗೆ ಹೃದಯದ ಚಿಕಿತ್ಸೆ ಮಾಡಿದ. ಏಳು ರೋಗಿಗಳು ಮೃತಪಟ್ಟರೆಂಬ ದೂರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ವರೆಗೆ ಹೋಯಿತು. ಆತನ ಪ್ರಮಾಣಪತ್ರಗಳು ನಕಲಿ ಎಂಬ ಆರೋಪದಲ್ಲಿ ಏಪ್ರಿಲ್ ತಿಂಗಳಲ್ಲಿ ಪೊಲೀಸರು ಆತನನ್ನು ಪ್ರಯಾಗ್‌ರಾಜ್‌ನಲ್ಲಿ ಬಂಧಿಸಿದರು. ಆ ಆಸ್ಪತ್ರೆಯು ಆಯುಷ್ಮಾನ್ ಭಾರತ್ ಯೋಜನೆಯಡಿ ಸರಕಾರದ ಹಣವನ್ನೂ ಪಡೆಯುತ್ತಿತ್ತು ಎಂದು ಆಯೋಗದ ಸದಸ್ಯರೇ ಬಹಿರಂಗವಾಗಿ ಹೇಳಿದರು.

ಅದಕ್ಕೂ ಕೆಲವು ತಿಂಗಳ ಹಿಂದೆ, 2024ರ ನವೆಂಬರ್ 10ರಂದು, ಗುಜರಾತಿನ ಮೆಹಸಾಣಾ ಜಿಲ್ಲೆಯ ಬೋರಿಸಣಾ ಎಂಬ ಹಳ್ಳಿಯಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ನಡೆದಿತ್ತು. ಮರುದಿನ ಅಲ್ಲಿಂದ 19 ಮಂದಿಯನ್ನು ಅಹ್ಮದಾಬಾದಿನ ಖ್ಯಾತಿ ಆಸ್ಪತ್ರೆಗೆ ಕರೆತರಲಾಯಿತು. 17 ಮಂದಿಗೆ ಆಂಜಿಯೋಗ್ರಫಿ, ಅವರ ಪೈಕಿ 7 ಮಂದಿಗೆ ಆಂಜಿಯೋಪ್ಲಾಸ್ಟಿ ನಡೆಯಿತು. ಇಬ್ಬರು ಪ್ರಾಣ ಕಳಕೊಂಡರು. ಯೋಜನೆಯ ಹಣಕ್ಕಾಗಿ ಅನಗತ್ಯ ಚಿಕಿತ್ಸೆ ನಡೆಸಲಾಗಿದೆ ಎಂಬುದು ಅಲ್ಲಿನ ಆರೋಪ. ವೈದ್ಯರ ಮತ್ತು ಆಡಳಿತದವರ ಬಂಧನವಾಯಿತು.

ದಮೋಹ್‌ನಲ್ಲಿ ಆರೋಪ ಇರುವುದು ವೈದ್ಯನ ಅರ್ಹತೆಯ ಬಗ್ಗೆ. ಅಹ್ಮದಾಬಾದಿನಲ್ಲಿ ಅರ್ಹ ವೈದ್ಯರೇ ಇದ್ದರು, ಆರೋಪ ಇರುವುದು ಬಿಲ್ಲಿನ ಬಗ್ಗೆ. ಈ ಎರಡನ್ನೂ ಬೇರೆ ಬೇರೆ ಸುದ್ದಿಗಳಾಗಿ ಓದಿ ನಾವು ಪುಟ ಮಗುಚುತ್ತೇವೆ. ಆದರೆ ಇವು ನಿಜವಾಗಿಯೂ ಬೇರೆ ಬೇರೆಯೇ? ರೋಗಿಯ ಮೈ ಮುಟ್ಟುವ ಕೈ ಯಾರದು ಎಂಬ ಪ್ರಶ್ನೆ ಮತ್ತು ಆತನ ಹೆಸರಲ್ಲಿ ಬರೆಯಲಾಗುವ ಲೆಕ್ಕ ಯಾವುದು ಎಂಬ ಪ್ರಶ್ನೆ, ಎರಡನ್ನೂ ಯಾರೂ ಕೇಳದ ಜಾಗದಲ್ಲಿ ಒಂದೇ ರೋಗ ಎರಡು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ರೋಗ ಅತ್ಯಂತ ಸುಲಭವಾಗಿ ಬೇರೂರುವ ಜಾಗವೆಂದರೆ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗ. ಮೊಣಕಾಲು ನೋವಿಗೆ ವೈದ್ಯರನ್ನು ಹುಡುಕುವವನಿಗೆ ವಿಚಾರಿಸಲು ಸಮಯವಿದೆ. ನಡುರಾತ್ರಿ ಎದೆನೋವಿನಿಂದ ಕುಸಿದವನ ಮನೆಯವರಿಗೆ ಅದಿಲ್ಲ. ಹತ್ತಿರದ ಆಸ್ಪತ್ರೆ, ಬೆಳಕು ಉರಿಯುತ್ತಿರುವ ಬಾಗಿಲು, ಕುತ್ತಿಗೆಯಲ್ಲಿ ಸ್ಟೆತಸ್ಕೋಪ್ ಇರುವ ಓರ್ವ ಯುವಕ. ಇಷ್ಟಿದ್ದರೆ ನಂಬುತ್ತೇವೆ. ಅಷ್ಟಕ್ಕೂ, ಆ ಯುವಕ ಯಾರು?

ನಮ್ಮ ದೇಶದಲ್ಲಿ ತುರ್ತು ಚಿಕಿತ್ಸೆಯನ್ನು ಒಂದು ಪ್ರತ್ಯೇಕ ಸ್ನಾತಕೋತ್ತರ ವಿಷಯವಾಗಿ ಅಂದಿನ ಭಾರತೀಯ ವೈದ್ಯಕೀಯ ಪರಿಷತ್ತು ಅಂಗೀಕರಿಸಿದ್ದೇ 2009ರಲ್ಲಿ. ಆವರೆಗೆ ಕ್ಯಾಶುವಾಲ್ಟಿ ಎಂದರೆ ಆಗ ತಾನೇ ಎಂಬಿಬಿಎಸ್ ಮುಗಿಸಿದವರನ್ನು ಕೂರಿಸುವ ಜಾಗ ಎಂದೇ ಭಾವಿಸಲಾಗಿತ್ತು. ಆ ಬಳಿಕ ತಜ್ಞರು ಹೊರಬರತೊಡಗಿದರೂ ಅವರು ಸೇರುವುದು ಹೆಚ್ಚಾಗಿ ಮಹಾನಗರಗಳ ದೊಡ್ಡ ಆಸ್ಪತ್ರೆಗಳನ್ನು. ಸಣ್ಣ ಪಟ್ಟಣಗಳ ನರ್ಸಿಂಗ್ ಹೋಮ್‌ಗಳಲ್ಲಿ ರಾತ್ರಿ ಪಾಳಿಯನ್ನು ನಿಭಾಯಿಸುವವರು ಅನೇಕ ಬಾರಿ ಆಯುರ್ವೇದ, ಹೋಮಿಯೋಪತಿ ಅಥವಾ ಯುನಾನಿ ಪದವೀಧರರು. ತಜ್ಞರ ಹೆಸರು ಹೊರಗಿನ ಫಲಕದಲ್ಲಿರುತ್ತದೆ. ತಜ್ಞರು ಮನೆಯಲ್ಲಿರುತ್ತಾರೆ.

ಇನ್ನು ಬಿಲ್ಲಿನ ವಿಚಾರಕ್ಕೆ ಬರೋಣ. ಸರಕಾರಿ ಆರೋಗ್ಯ ವಿಮೆಯಲ್ಲಿ ಹಣ ಸಂದಾಯವಾಗುವುದು ಪ್ಯಾಕೇಜಿನ ಲೆಕ್ಕದಲ್ಲಿ. ಇಂಥ ಕಾಯಿಲೆಗೆ ಇಂಥ ಚಿಕಿತ್ಸೆ, ಅದಕ್ಕೆ ಇಷ್ಟು ಮೊತ್ತ ಎಂದು ಮೊದಲೇ ನಿಗದಿಯಾಗಿರುತ್ತದೆ. ಹಾಸಿಗೆ, ಔಷಧ, ಪರೀಕ್ಷೆ, ವೈದ್ಯರ ಶುಲ್ಕ ಎಲ್ಲವೂ ಅದರೊಳಗೆ ಬರುತ್ತದೆ. ಅನುಮೋದನೆ ನೀಡುವವರು ಎಲ್ಲೋ ದೂರದ ಕಚೇರಿಯಲ್ಲಿ ಕುಳಿತು ಕಂಪ್ಯೂಟರ್ ಪರದೆಯಲ್ಲಿ ಕಾಗದಪತ್ರ ನೋಡುತ್ತಾರೆ. ಅಲ್ಲಿ ಕಾಣುವುದು ಆಸ್ಪತ್ರೆಯ ಹೆಸರು, ತಜ್ಞರ ನೋಂದಣಿ ಸಂಖ್ಯೆ, ರೋಗದ ಹೆಸರು. ರೋಗಿಯ ಹಾಸಿಗೆಯ ಪಕ್ಕ ನಿಂತಿದ್ದವರು ಯಾರು ಎಂಬುದು ಆ ಪರದೆಯಲ್ಲಿ ಕಾಣಿಸುವುದಿಲ್ಲ. ಅದನ್ನು ಕಂಡವರು ರೋಗಿಯ ಮನೆಯವರು ಮಾತ್ರ. ದುರಂತ ಏನೆಂದರೆ, ಕಂಡವರಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾದವರು ಕಂಡಿರುವುದಿಲ್ಲ.

ಈ ವ್ಯವಸ್ಥೆಯ ಕಣ್ಣು ಎಷ್ಟು ಮಂಜಾಗಿದೆ ಎಂಬುದಕ್ಕೆ 2023ರ ಆಗಸ್ಟ್‌ನಲ್ಲಿ ಸಂಸತ್ತಿನ ಮುಂದಿರಿಸಲಾದ ಮಹಾಲೇಖಪಾಲರ ವರದಿಯೇ ಸಾಕ್ಷಿ. ಸುಮಾರು ಏಳೂವರೆ ಲಕ್ಷ ಫಲಾನುಭವಿಗಳ ಹೆಸರಿನ ಮುಂದೆ ಒಂದೇ ಮೊಬೈಲ್ ಸಂಖ್ಯೆ ದಾಖಲಾಗಿತ್ತು. ದಾಖಲೆಯಲ್ಲಿ ಮೃತರೆಂದು ತೋರಿಸಲಾದ 3,446 ರೋಗಿಗಳ ಚಿಕಿತ್ಸೆಗೆ 6.97 ಕೋಟಿ ರೂಪಾಯಿ ಪಾವತಿಯಾಗಿತ್ತು. ಒಂದೇ ಅವಧಿಯಲ್ಲಿ ಒಬ್ಬನೇ ರೋಗಿ ಎರಡು ಆಸ್ಪತ್ರೆಗಳಲ್ಲಿ ದಾಖಲಾಗಿದ್ದ ಪ್ರಕರಣಗಳೂ ಪತ್ತೆಯಾದವು. ಸತ್ತವನಿಗೂ ಚಿಕಿತ್ಸೆ ಕೊಟ್ಟೆವೆಂದು ಬಿಲ್ಲು ಬರೆಯಬಹುದಾದ ಕಡೆ, ಬದುಕಿರುವವನಿಗೆ ಚಿಕಿತ್ಸೆ ಕೊಟ್ಟವರ ಹೆಸರನ್ನು ಬದಲಿಸಿ ಬರೆಯುವುದು ಕಷ್ಟವೇ?

ಹಾಗೆಂದು ಈ ಯೋಜನೆಗಳನ್ನೇ ತಿರಸ್ಕರಿಸುವುದು ಕೃತಘ್ನತೆಯಾದೀತು. ಇವುಗಳ ಹಿಂದೆ ಬಡವರ ದೀರ್ಘ ನೋವಿನ ಇತಿಹಾಸವಿದೆ. 1992ರ ಜುಲೈ 8ರಂದು ಪಶ್ಚಿಮ ಬಂಗಾಳದ ಮಥುರಾಪುರ ನಿಲ್ದಾಣದಲ್ಲಿ ಹಕೀಮ್ ಶೇಖ್ ಎಂಬ ಕೃಷಿ ಕಾರ್ಮಿಕ ರೈಲಿನಿಂದ ಬಿದ್ದ. ತಲೆಗೆ ಗಂಭೀರ ಗಾಯವಾಗಿತ್ತು. ಒಂದು ಸರಕಾರಿ ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದರೂ ಹಾಸಿಗೆ ಇಲ್ಲ, ಸೌಲಭ್ಯ ಇಲ್ಲ ಎಂಬ ಉತ್ತರವೇ ಸಿಕ್ಕಿತು. ಕೊನೆಗೆ ಖಾಸಗಿ ಆಸ್ಪತ್ರೆಯಲ್ಲಿ ಸುಮಾರು 17,000 ರೂಪಾಯಿ ಖರ್ಚು ಮಾಡಿ ಬದುಕಿದ. ಆತ ಸದಸ್ಯನಾಗಿದ್ದ ಕಾರ್ಮಿಕ ಸಂಘಟನೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಉಲ್ಲಂಘನೆ ಎಂದು 1996ರಲ್ಲಿ ನ್ಯಾಯಾಲಯ ತೀರ್ಪಿತ್ತಿತು ಮತ್ತು 25,000 ರೂಪಾಯಿ ಪರಿಹಾರ ಕೊಡಿಸಿತು.

ಅಂದು ಹಕೀಮ್ ಶೇಖ್‌ನ ಮುಂದೆ ಬಾಗಿಲು ಮುಚ್ಚಿತ್ತು. ಇಂದು ಕರ್ನಾಟಕದಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ಇರುವ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜಿನ ಶೇ. 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ, ಸರಕಾರ ಭರಿಸುತ್ತದೆ. ಸಾಮಾನ್ಯವಾಗಿ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾದರೂ ತುರ್ತು ಎಂದು ಗುರುತಿಸಲಾದ ಚಿಕಿತ್ಸೆಗಳಿಗೆ ನೇರವಾಗಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಹೋಗಬಹುದು. ಬೀಡಿ ಕಟ್ಟುವ, ಆಟೋ ಓಡಿಸುವ, ಗುಜರಿ ಹೆಕ್ಕುವ ನಮ್ಮ ಎಷ್ಟೋ ಮನೆಗಳಲ್ಲಿ ಮಗಳ ಮದುವೆಗೆಂದು ಇಟ್ಟ ಚಿನ್ನ ಉಳಿದಿರುವುದು ಈ ಕಾರ್ಡಿನಿಂದಲೇ. ಬಾಗಿಲು ತೆರೆದಿದೆ. ಒಳಗೆ ಕುಳಿತವರಾರು ಎಂದು ಕೇಳುವ ಸರದಿ ಈಗ ಬಂದಿದೆ.

ಇದು ಆಧುನಿಕ ಕಾನೂನು ಮಾತ್ರ ಎತ್ತಿದ ಪ್ರಶ್ನೆಯಲ್ಲ. ವೈದ್ಯಕೀಯದಲ್ಲಿ ಪರಿಣತನೆಂದು ಗುರುತಿಸಿಕೊಂಡಿರದವನು ಚಿಕಿತ್ಸೆಗೆ ಇಳಿದರೆ ಅದರ ಹಾನಿಗೆ ಆತನೇ ಹೊಣೆ ಎಂಬರ್ಥದ ಪ್ರವಾದಿ(ಸ)ವಚನ ಅಬೂದಾವೂದ್, ನಸಾಈ ಮತ್ತು ಇಬ್ನುಮಾಜಃ ಗ್ರಂಥಗಳಲ್ಲಿದೆ. ಕರ್ಮಶಾಸ್ತ್ರ ವಿದ್ವಾಂಸರು ಇದರಿಂದ ಒಂದು ಸ್ಪಷ್ಟ ನಿಯಮವನ್ನೇ ರೂಪಿಸಿದರು. ಬಲ್ಲ ವೈದ್ಯ ತನ್ನ ಕರ್ತವ್ಯವನ್ನು ಸರಿಯಾಗಿ ಮಾಡಿಯೂ ರೋಗಿ ತೀರಿಕೊಂಡರೆ ಆತ ಹೊಣೆಗಾರನಲ್ಲ. ಅರಿಯದವನು ಅರಿತವನಂತೆ ನಟಿಸಿದರೆ ಆತ ನಷ್ಟ ಭರಿಸಲೇಬೇಕು. ಉದ್ದೇಶ ಒಳ್ಳೆಯದಿತ್ತು ಎಂಬ ಸಮಜಾಯಿಷಿಗೆ ಅಲ್ಲಿ ಎಡೆಯಿಲ್ಲ.

ಹಿಜರಿ 319, ಅಂದರೆ ಕ್ರಿ.ಶ. 931ರಲ್ಲಿ, ಬಗ್ದಾದಿನಲ್ಲಿ ವೈದ್ಯನೋರ್ವನ ತಪ್ಪಿನಿಂದ ಸಾಮಾನ್ಯ ಪ್ರಜೆಯೊಬ್ಬ ಮೃತಪಟ್ಟ. ಸುದ್ದಿ ಖಲೀಫಾ ಮುಕ್ತದಿರ್‌ಗೆ ತಲುಪಿತು. ಪರೀಕ್ಷೆಯಲ್ಲಿ ಉತ್ತೀರ್ಣರಾಗದ ಯಾರೂ ಚಿಕಿತ್ಸೆ ನೀಡಕೂಡದೆಂದು ಆದೇಶಿಸಿ, ಪರೀಕ್ಷೆಯ ಹೊಣೆಯನ್ನು ಆತ ಮುಖ್ಯ ವೈದ್ಯ ಸಿನಾನ್ ಬಿನ್ ಸಾಬಿತ್‌ಗೆ ವಹಿಸಿದ. ಆ ನಗರದಲ್ಲಿ ಎಂಟುನೂರಕ್ಕೂ ಅಧಿಕ ವೈದ್ಯರು ಪರೀಕ್ಷೆಗೊಳಗಾದರು. ಪ್ರತಿಯೊಬ್ಬನಿಗೂ ಆತನಿಗೆ ತಿಳಿದಿರುವ ಚಿಕಿತ್ಸೆಗಷ್ಟೇ ಅನುಮತಿ ನೀಡಲಾಯಿತು. ಸತ್ತವನು ಮಂತ್ರಿಯಾಗಿರಲಿಲ್ಲ, ಸೇನಾಪತಿಯಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಬಗ್ದಾದಿನ ಈ ಪಾಠವನ್ನು ನಾವು ಮೊದಲು ನಮ್ಮ ಮನೆಯಂಗಳದಲ್ಲೇ ಓದಿಕೊಳ್ಳಬೇಕಾಗಿದೆ. ಯುನಾನಿ ವೈದ್ಯ ಪದ್ಧತಿಯ ಬಗ್ಗೆ ನಮಗೆ ಅಭಿಮಾನವಿದೆ, ಇರಬೇಕಾದದ್ದೇ. ಆದರೆ ಐದೂವರೆ ವರ್ಷ ಯುನಾನಿ ಕಲಿತು ಬಂದ ಯುವಕನನ್ನು ಅಗ್ಗದ ಸಂಬಳಕ್ಕೆ ತುರ್ತು ವಿಭಾಗದಲ್ಲಿ ಕೂರಿಸಿ, ತಾನು ಕಲಿಯದ ಔಷಧ ಪದ್ಧತಿಯಲ್ಲಿ ಚಿಕಿತ್ಸೆ ಕೊಡಿಸುವುದು ಆತನಿಗೂ ಗೌರವವಲ್ಲ, ರೋಗಿಗೂ ನ್ಯಾಯವಲ್ಲ. ತನಗೆ ಅರ್ಹತೆ ಇಲ್ಲದ ಪದ್ಧತಿಯಲ್ಲಿ ಚಿಕಿತ್ಸೆ ನೀಡುವುದೇ ನಿರ್ಲಕ್ಷ್ಯ ಎಂದು ಹೋಮಿಯೋಪತಿ ವೈದ್ಯರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಕೆಲವು ರಾಜ್ಯಗಳು ಮಿತಿಗೊಳಪಟ್ಟು ಅನುಮತಿ ನೀಡಿರುವುದು ನಿಜ. ಆದರೆ ಅನುಮತಿಯ ಮಿತಿ ಎಲ್ಲಿ ಮುಗಿಯುತ್ತದೆ ಎಂದು ನಡುರಾತ್ರಿಯ ರೋಗಿಗೆ ತಿಳಿಸುವವರು ಯಾರು? ಸಮುದಾಯದ ಟ್ರಸ್ಟುಗಳು, ಸಮುದಾಯದ ಶ್ರೀಮಂತರು ನಡೆಸುವ ಆಸ್ಪತ್ರೆಗಳು ಈ ವಿಷಯದಲ್ಲಿ ಇತರರಿಗಿಂತ ಭಿನ್ನವಾಗಿವೆ ಎಂದು ಎದೆ ತಟ್ಟಿ ಹೇಳಬಲ್ಲೆವೇ?

ಆಸ್ಪತ್ರೆಗಳ ಕಡೆಯ ಮಾತನ್ನೂ ಆಲಿಸೋಣ. ಪ್ಯಾಕೇಜ್ ದರ ಸಾಲದು, ಹಣ ತಿಂಗಳುಗಟ್ಟಲೆ ಬಾರದು ಎಂಬ ಅವರ ದೂರಿನಲ್ಲಿ ಹುರುಳಿದೆ. 2025ರ ಆಗಸ್ಟ್‌ನಲ್ಲಿ ಹರಿಯಾಣದ ನೂರಾರು ಖಾಸಗಿ ಆಸ್ಪತ್ರೆಗಳು ಬಾಕಿ ಪಾವತಿಯಾಗಿಲ್ಲವೆಂದು ಆಯುಷ್ಮಾನ್ ಸೇವೆಯನ್ನೇ ನಿಲ್ಲಿಸಿದ್ದವು. ಪ್ರಾಮಾಣಿಕ ವೈದ್ಯ ಸಾಲ ಮಾಡಿ ಸಂಬಳ ಕೊಡುವಾಗ ಅಪ್ರಾಮಾಣಿಕನು ಸುಳ್ಳು ಬಿಲ್ಲು ಬರೆದು ಸರಿದೂಗಿಸಿಕೊಳ್ಳುತ್ತಾನೆ. ಸರಕಾರದ ವಿಳಂಬವು ಹೀಗೆ ವಂಚನೆಗೆ ಗೊಬ್ಬರವಾಗುತ್ತದೆ. ಆದ್ದರಿಂದ ಹಣವನ್ನು ಸಕಾಲದಲ್ಲಿ ಕೊಡಿ ಎಂದು ಒತ್ತಾಯಿಸುವ ಹೊಣೆ ರೋಗಿಗಳ ಮೇಲೂ ಇದೆ. ಆದರೆ ಬಾಕಿ ಇದೆಯೆಂಬುದು ಸುಳ್ಳು ಬಿಲ್ಲಿಗೆ ಪರವಾನಿಗೆಯಾಗದು. ಅಳೆದು ಕೊಳ್ಳುವಾಗ ಪೂರ್ತಿ ಕೊಂಡು, ಅಳೆದು ಕೊಡುವಾಗ ಕಡಿತ ಮಾಡುವವರನ್ನು ಪವಿತ್ರ ಕುರ್‌ಆನ್‌ನ ಮುತಫ್ಫಿಫೀನ್ ಅಧ್ಯಾಯ ಎಚ್ಚರಿಸುತ್ತದೆ. ತಜ್ಞನ ದರ ಪಡೆದು, ತಜ್ಞನಲ್ಲದವನ ಚಿಕಿತ್ಸೆ ಕೊಡುವುದು ಇದೇ ತಕ್ಕಡಿಯ ಮೋಸವಲ್ಲವೇ?

ಈಗ ನಮ್ಮ ಸರದಿ. ಉಚಿತವಾಗಿ ಸಿಗುವುದನ್ನು ಪ್ರಶ್ನಿಸಬಾರದು ಎಂಬ ಒಂದು ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿದೆ. ಇದು ಯಾರ ದಾನವೂ ಅಲ್ಲ. ಬೆಂಕಿಪೊಟ್ಟಣ ಕೊಳ್ಳುವ ಬಡವನೂ ತೆರಿಗೆ ಕಟ್ಟುತ್ತಾನೆ. ಈ ಹಣ ಸಾರ್ವಜನಿಕ ಅಮಾನತ್. ಸಂಬಂಧಿಕನಿಗೆ ತನ್ನ ಕಾರ್ಡು ಕೊಡುವವರು, ಎರಡು ದಿನ ಮಲಗಿ ಐದು ದಿನವೆಂದು ಸಹಿ ಹಾಕುವವರು, ಕೇಳದೆಯೇ ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತುವವರು ನಮ್ಮ ನಡುವೆ ಇಲ್ಲವೇ? ಆಸ್ಪತ್ರೆಯ ಅಧರ್ಮಕ್ಕೆ ನಮ್ಮ ಸಹಿ ಬಿದ್ದರೆ ಪರಲೋಕದಲ್ಲಿ ಉತ್ತರ ಹೇಳಬೇಕಾದವರ ಪಟ್ಟಿಯಲ್ಲಿ ನಮ್ಮ ಹೆಸರೂ ಇರುತ್ತದೆ.

ಕೇಳುವುದು ಕಷ್ಟವೇನಲ್ಲ. ಚಿಕಿತ್ಸೆ ನೀಡುವವರು ಯಾರು, ಅವರ ವೃತ್ತಿಪರ ಅರ್ಹತೆ ಏನು ಎಂದು ತಿಳಿಯುವುದು ರೋಗಿಯ ಹಕ್ಕೆಂದು ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಪತ್ರವೇ ಹೇಳುತ್ತದೆ. ವೈದ್ಯರ ನೋಂದಣಿ ಸಂಖ್ಯೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಯಾವುದೇ ವಿದ್ಯಾರ್ಥಿ ಹುಡುಕಿ ಕೊಡಬಲ್ಲ. ನೋಂದಣಿಯಿಲ್ಲದೆ ವೈದ್ಯವೃತ್ತಿ ನಡೆಸುವವನಿಗೆ 2019ರ ಕಾಯ್ದೆಯಡಿ ಒಂದು ವರ್ಷದವರೆಗೆ ಸೆರೆವಾಸ ಅಥವಾ ಐದು ಲಕ್ಷದವರೆಗೆ ದಂಡ ಅಥವಾ ಎರಡೂ ಇದೆ. ಬಿಪಿಎಲ್ ಕಾರ್ಡುದಾರರಿಂದ ಪ್ಯಾಕೇಜಿನೊಳಗಿನ ಔಷಧಕ್ಕೆ ಹಣ ಕೇಳಿದರೆ ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಗೆ ಅಥವಾ 14555 ಸಂಖ್ಯೆಗೆ ದೂರು ಕೊಡಬಹುದು. ಬಿಡುಗಡೆಯ ವೇಳೆ ಯಾವ ರೋಗ, ಯಾವ ಚಿಕಿತ್ಸೆ, ಎಷ್ಟು ದಿನ, ಯಾರು ವೈದ್ಯರು ಎಂದು ಬರೆದಿರುವ ಪ್ರತಿಯನ್ನು ಕೈಗೆ ಪಡೆಯದೆ ಹೊರಬರಬಾರದು.

ಆದರೆ ಎದೆನೋವಿನ ರಾತ್ರಿ ಇವನ್ನೆಲ್ಲ ಕೇಳಲಾಗದು. ರೋಗಿಯನ್ನು ಬಾಗಿಲಲ್ಲಿ ನಿಲ್ಲಿಸಿ ಪ್ರಮಾಣಪತ್ರ ಹುಡುಕುತ್ತಾ ಕೂರುವುದು ಮೂರ್ಖತನ. ಕೇಳಬೇಕಾದದ್ದು ಅದಕ್ಕೂ ಮುಂಚೆ, ಆರೋಗ್ಯವಿರುವ ದಿನಗಳಲ್ಲಿ, ಸಾಮೂಹಿಕವಾಗಿ. ನಮ್ಮ ಪಟ್ಟಣದಲ್ಲಿ ಯೋಜನೆಗೆ ಒಳಪಟ್ಟ ಆಸ್ಪತ್ರೆಗಳು ಯಾವುವು, ರಾತ್ರಿ ಪಾಳಿಯಲ್ಲಿ ಯಾವ ಪದವಿಯ ವೈದ್ಯರಿರುತ್ತಾರೆ, ಹೃದಯಾಘಾತಕ್ಕೆ ಎಲ್ಲಿಗೆ, ಅಪಘಾತಕ್ಕೆ ಎಲ್ಲಿಗೆ ಎಂಬ ಪಟ್ಟಿಯನ್ನು ಪ್ರತಿ ಮಸೀದಿಯ ಜಮಾಅತ್ ಸಮಿತಿ ತಯಾರಿಸಲಿ. ಓರ್ವ ವೈದ್ಯ, ಓರ್ವ ವಕೀಲ, ಇಬ್ಬರು ಯುವಕರು ಸೇರಿದರೆ ಒಂದು ತಿಂಗಳಲ್ಲಿ ಮುಗಿಯುವ ಕೆಲಸವಿದು. ಖತೀಬರು ಶುಕ್ರವಾರದ ಭಾಷಣದಲ್ಲಿ ಅದನ್ನು ಓದಲಿ. ಮಹಿಳೆಯರ ತರಗತಿಗಳಲ್ಲಿ ಅದನ್ನು ವಿವರಿಸಲಿ, ಏಕೆಂದರೆ ರಾತ್ರಿ ಮನೆಯಲ್ಲಿ ಕಾಯಿಲೆ ಬಿದ್ದವರ ಪಕ್ಕ ಮೊದಲು ಇರುವವರು ಅವರೇ. ಸಮುದಾಯದ ಆಸ್ಪತ್ರೆಗಳಂತೂ ಕರ್ತವ್ಯದಲ್ಲಿರುವ ವೈದ್ಯರ ಹೆಸರು, ಪದವಿ, ನೋಂದಣಿ ಸಂಖ್ಯೆಯನ್ನು ತುರ್ತು ವಿಭಾಗದ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ಅರ್ಹರನ್ನು ಇರಿಸಿಕೊಂಡವರಿಗೆ ಅದರಿಂದ ನಷ್ಟವಿಲ್ಲ. ಯಾರಿಗೆ ಮುಜುಗರವಾಗುತ್ತದೋ ಅವರನ್ನು ನಾವು ಮೊದಲು ಪ್ರಶ್ನಿಸೋಣ.