ಪ್ರಮಾಣಪತ್ರ ಬಂತು, ಪಾಠ ಬದಲಾಯಿತೇ? ಮುಖಾಮುಖಿ ತರಬೇತಿ ಮತ್ತು ಆನ್‌ಲೈನ್ ಕಲಿಕೆಯ ಸಮನ್ವಯ

ಬೇಸಿಗೆ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ಹೊತ್ತಿಗೆ ನಾಡಿನ ಶಿಕ್ಷಕರ ಮೊಬೈಲುಗಳಿಗೆ ತರಬೇತಿಯ ಲಿಂಕುಗಳು ಬರತೊಡಗುತ್ತವೆ. ಇಷ್ಟು ದಿನದೊಳಗೆ ಇಷ್ಟು ಕೋರ್ಸು ಮುಗಿಸಿ ಪ್ರಮಾಣಪತ್ರ ಸಲ್ಲಿಸಬೇಕೆಂಬ ಸೂಚನೆಯೂ ಅವುಗಳ ಬೆನ್ನಿಗೇ ಬರುತ್ತದೆ. ಒಂದು ಕಾಲದಲ್ಲಿ ತರಬೇತಿಯೆಂದರೆ ತಾಲ್ಲೂಕು ಕೇಂದ್ರದ ಸಭಾಂಗಣದಲ್ಲಿ ಹಲವು ದಿನ ಕುಳಿತು ಟಿಪ್ಪಣಿ ಬರೆದುಕೊಳ್ಳುವುದಾಗಿತ್ತು. ಇಂದು ಅದು ಅಂಗೈಯಗಲದ ಪರದೆಗೆ ಇಳಿದಿದೆ. ಇದರಿಂದ ಆದ ಲಾಭವೆಷ್ಟು, ನಷ್ಟವೆಷ್ಟು, ಎರಡನ್ನೂ ಬೆಸೆಯುವ ದಾರಿ ಯಾವುದು ಎಂಬುದನ್ನು ವಿದ್ಯಾಸಂಸ್ಥೆಗಳನ್ನು ನಡೆಸುವ ನಾವೆಲ್ಲರೂ ಕುಳಿತು ಯೋಚಿಸಬೇಕಾದ ಕಾಲವಿದು. ಈ ವಿಷಯದಲ್ಲಿ ಮಠದ ಶಾಲೆಗಳನ್ನು ನೋಡಿಕೊಳ್ಳುವ ನಾವೇ ಎಡವಿದ್ದೇವೆ. ಆದ್ದರಿಂದ ಈ ಬರಹವನ್ನು ಆತ್ಮಾವಲೋಕನವೆಂದೇ ಓದುಗರು ಭಾವಿಸಬೇಕೆಂದು ಕೋರುತ್ತೇವೆ.

ನಡೆದು ಬಂದ ದಾರಿ

ದೂರದಿಂದ ಕಲಿಸುವ ಹಂಬಲ ಹೊಸದಲ್ಲ. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಸಂಸ್ಥೆಯು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಿದಾಗ, ಪ್ರಾಥಮಿಕ ಶಾಲೆಗಳಲ್ಲಿ ಅದರ ಪ್ರಯೋಗಕ್ಕೆ ಆಯ್ಕೆಯಾದುದು ನಮ್ಮ ಚಾಮರಾಜನಗರ ಜಿಲ್ಲೆ. 2017ರ ಜುಲೈನಲ್ಲಿ ‘ಸ್ವಯಂ’, ಅದೇ ವರ್ಷದ ಶಿಕ್ಷಕರ ದಿನದಂದು ‘ದೀಕ್ಷಾ’ ವೇದಿಕೆಗಳು ಕಾರ್ಯಾರಂಭ ಮಾಡಿದವು. 2019ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರವು ‘ನಿಷ್ಠಾ’ ಎಂಬ ತರಬೇತಿಯನ್ನು ಆರಂಭಿಸಿ, ಒಂದರಿಂದ ಎಂಟನೆಯ ತರಗತಿಯವರೆಗಿನ ಸುಮಾರು 42 ಲಕ್ಷ ಶಿಕ್ಷಕರನ್ನೂ ಮುಖ್ಯೋಪಾಧ್ಯಾಯರನ್ನೂ ತಲುಪುವ ಗುರಿ ಹಾಕಿಕೊಂಡಿತು. ಮೊದಲಿಗೆ ಅದು ಮುಖಾಮುಖಿ ತರಬೇತಿಯೇ ಆಗಿತ್ತು. ಕೊರೊನಾ ಕಾಲದಲ್ಲಿ, 2020ರ ಅಕ್ಟೋಬರಿನಿಂದ, ಅದು ದೀಕ್ಷಾ ವೇದಿಕೆಯ 18 ಕೋರ್ಸುಗಳಾಗಿ ರೂಪಾಂತರಗೊಂಡಿತು.

ಅದೇ ವರ್ಷ ಬಂದ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳನ್ನು ವೃತ್ತಿಪರ ಬೆಳವಣಿಗೆಗೆ ಮೀಸಲಿಡಬೇಕೆಂದು ಹೇಳಿತು. ಆ ನೀತಿಯ ಇತರ ಅಂಶಗಳ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯಗಳಿವೆ. ಶಿಕ್ಷಕರು ನಿರಂತರವಾಗಿ ಕಲಿಯುತ್ತಿರಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. 2021ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಕಾಲೇಜುಗಳಿಗಾಗಿ ಪ್ರಕಟಿಸಿದ ಕರಡು ಟಿಪ್ಪಣಿಯಲ್ಲಿ ಒಂದು ವಿಷಯದ ಶೇ. 40ರಷ್ಟು ಭಾಗವನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂದು ಸೂಚಿಸಿತ್ತು. ಅಂದಿನಿಂದ ಚರ್ಚೆಯೆಲ್ಲ ಪ್ರಮಾಣದ ಸುತ್ತಲೇ ಸುತ್ತುತ್ತಿದೆ. ಪರದೆಗೆ ನಲವತ್ತು ಪಾಲೋ, ಅರವತ್ತು ಪಾಲೋ ಎಂದು ಕೇಳುತ್ತೇವೆ. ಯಾವ ಕೆಲಸಕ್ಕೆ ಪರದೆ, ಯಾವ ಕೆಲಸಕ್ಕೆ ಮನುಷ್ಯ ಎಂಬ ಪ್ರಶ್ನೆಯನ್ನು ಕೇಳುವುದನ್ನೇ ಮರೆತಿದ್ದೇವೆ.

ಎರಡರ ಗುಣ, ಎರಡರ ದೋಷ

ಹಳೆಯ ಪದ್ಧತಿಯನ್ನು ಸುಮ್ಮನೆ ಹೊಗಳುವುದು ಬೇಡ. ಅಲ್ಲಿ ರಾಷ್ಟ್ರಮಟ್ಟದವರು ರಾಜ್ಯದವರಿಗೆ, ರಾಜ್ಯದವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳಿಕೊಡುತ್ತ ಬರುವ ಏರ್ಪಾಡು ಇತ್ತು. ಕಾಲುವೆಯ ತುದಿಯ ಹೊಲಕ್ಕೆ ನೀರು ತಲುಪುವಷ್ಟರಲ್ಲಿ ಅರ್ಧ ಇಂಗಿ ಹೋಗುವಂತೆ, ಕೊನೆಯ ಶಿಕ್ಷಕನ ಪಾಲಿಗೆ ಮೂಲ ವಿಚಾರದ ನೆರಳಷ್ಟೇ ಉಳಿಯುತ್ತಿತ್ತು. ತರಬೇತಿಗೆ ಹೊರಟ ದಿನಗಳಲ್ಲಿ ಏಕೋಪಾಧ್ಯಾಯ ಶಾಲೆಗೆ ಬೀಗ ಬೀಳುತ್ತಿತ್ತು. ಆನ್‌ಲೈನ್ ಕೋರ್ಸು ಈ ಎರಡು ದೋಷಗಳನ್ನೂ ನಿವಾರಿಸಿತು ಎಂಬುದನ್ನು ಒಪ್ಪಬೇಕು. ಮೂಲ ವಿಷಯತಜ್ಞರ ಮಾತು ಬೀದರಿನ ಹಳ್ಳಿಗೂ ಕೊಡಗಿನ ತೋಟದ ಶಾಲೆಗೂ ಒಂದೇ ಬಗೆಯಲ್ಲಿ ತಲುಪುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳಬಹುದು.

ಆದರೆ ಪರದೆಯ ಮುಂದೆ ಕುಳಿತವರು ಕೊನೆಯವರೆಗೂ ಕುಳಿತಿರುವುದು ಅಪರೂಪ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್ ವೇದಿಕೆಯಲ್ಲಿ ನೀಡಿದ ಮುಕ್ತ ಕೋರ್ಸುಗಳ ಅಂಕಿ-ಅಂಶಗಳ ವಿಶ್ಲೇಷಣೆ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಪ್ರಕಾರ 2017-18ರಲ್ಲಿ ಕೋರ್ಸು ಪೂರ್ಣಗೊಳಿಸಿದವರು ಶೇ. 3ರ ಆಸುಪಾಸು ಮಾತ್ರ. ನಮ್ಮಲ್ಲಿ ಆದೇಶದ ಬಲದಿಂದ ಪೂರ್ಣಗೊಳಿಸುವವರ ಸಂಖ್ಯೆ ಹೆಚ್ಚಿರಬಹುದು. ಆದರೆ ಆದೇಶವು ಮುಗಿಸುವಂತೆ ಮಾಡಬಲ್ಲದು, ಕಲಿಯುವಂತೆ ಮಾಡಲಾರದು.

ಎರಡನ್ನೂ ಬೆಸೆದರೆ ಏನಾಗುತ್ತದೆ? ಅಮೆರಿಕದ ಶಿಕ್ಷಣ ಇಲಾಖೆಯು 1996ರಿಂದ 2008ರವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ, ಬೆರೆತ ಪದ್ಧತಿಯಲ್ಲಿ ಕಲಿತವರು ಕೇವಲ ಮುಖಾಮುಖಿಯಾಗಿ ಕಲಿತವರಿಗಿಂತ ಸರಾಸರಿಯಲ್ಲಿ ಮುಂದಿದ್ದರು. ಆದರೆ ಬೆರೆತ ಪದ್ಧತಿಯವರಿಗೆ ಕಲಿಯಲು ಹೆಚ್ಚು ಸಮಯವೂ ಹೆಚ್ಚು ಸಾಮಗ್ರಿಯೂ ದೊರೆತಿದ್ದವೆಂದು, ಫಲಕ್ಕೆ ಮಾಧ್ಯಮವೊಂದೇ ಕಾರಣವೆನ್ನಲಾಗದೆಂದು ಆ ವರದಿಯೇ ಎಚ್ಚರಿಸಿದೆ. ನಾವು ಸಾಮಾನ್ಯವಾಗಿ ಮಾಡುವುದು ಇದರ ತದ್ವಿರುದ್ಧ. ಆನ್‌ಲೈನ್ ಕೋರ್ಸು ಬಂತೆಂದು ಮುಖಾಮುಖಿ ತರಬೇತಿಯ ದಿನಗಳನ್ನು ಕಡಿತಗೊಳಿಸಿ, ಉಳಿದ ಹಣವನ್ನು ಉಳಿತಾಯವೆಂದು ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ದಕ್ಷಿಣ ಆಫ್ರಿಕಾದ ಪಾಠ

ಈ ವಿಷಯದಲ್ಲಿ ನಮ್ಮ ಕಣ್ತೆರೆಸಿದ್ದು ದಕ್ಷಿಣ ಆಫ್ರಿಕಾದ ಎಂಪುಮಲಾಂಗಾ ಪ್ರಾಂತ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ನಡೆದ ಒಂದು ಪ್ರಯೋಗ. ಅಲ್ಲಿನ ಮಕ್ಕಳ ಮನೆಮಾತು ಬೇರೆ, ಇಂಗ್ಲಿಷ್ ಎರಡನೆಯ ಭಾಷೆ. ಅಂದರೆ ನಮ್ಮ ಹಳ್ಳಿಶಾಲೆಗಳ ಸ್ಥಿತಿಯೇ. ಇಂಗ್ಲಿಷ್ ಬೋಧನೆಯನ್ನು ಸುಧಾರಿಸಲು ಕೆಲವು ಶಾಲೆಗಳ ಶಿಕ್ಷಕರ ಬಳಿಗೆ ಮಾರ್ಗದರ್ಶಕರು ಖುದ್ದಾಗಿ ಹೋಗಿ, ತರಗತಿಯಲ್ಲಿ ಕುಳಿತು, ಪಾಠವನ್ನು ನೋಡಿ ತಿದ್ದಿದರು. ಇನ್ನು ಕೆಲವು ಶಾಲೆಗಳ ಶಿಕ್ಷಕರಿಗೆ ಟ್ಯಾಬ್ಲೆಟ್ ಕೊಟ್ಟು, ಮಾರ್ಗದರ್ಶಕರು ದೂರದಿಂದಲೇ ಫೋನು-ಸಂದೇಶಗಳ ಮೂಲಕ ನೆರವಾದರು.

ಮೂರು ವರ್ಷಗಳ ಬಳಿಕ ಮಕ್ಕಳನ್ನು ಪರೀಕ್ಷಿಸಿದಾಗ, ಮಾರ್ಗದರ್ಶಕರು ಖುದ್ದಾಗಿ ಹೋದ ಶಾಲೆಗಳಲ್ಲಿ ಇಂಗ್ಲಿಷ್ ಮಾತುಗಾರಿಕೆಯೂ ಓದುವ ಸಾಮರ್ಥ್ಯವೂ ಸುಧಾರಿಸಿದ್ದವು. ದೂರದ ಮಾರ್ಗದರ್ಶನ ಪಡೆದ ಶಾಲೆಗಳಲ್ಲಿ ಮಾತುಗಾರಿಕೆ ಅದರ ಅರ್ಧಕ್ಕಿಂತಲೂ ಕಡಿಮೆ ಸುಧಾರಿಸಿತ್ತು. ಓದಿನಲ್ಲಿ ಯಾವ ಸುಧಾರಣೆಯೂ ಕಾಣಲಿಲ್ಲ. ಮಾತ್ರವಲ್ಲ, ಆ ಶಾಲೆಗಳಲ್ಲಿ ಮಕ್ಕಳ ಮನೆಮಾತಿನ ಕಲಿಕೆ ಹಿಂದೆ ಬಿದ್ದಿತ್ತು. ಮನೆಮಾತಿನ ಪಾಠಕ್ಕೆ ಮೀಸಲಾದ ಸಮಯವನ್ನು ಇಂಗ್ಲಿಷ್ ನುಂಗಿತ್ತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ತಂತ್ರಜ್ಞಾನ ಕೈಕೊಟ್ಟಿರಲಿಲ್ಲ, ಶಿಕ್ಷಕರಿಗೆ ಟ್ಯಾಬ್ಲೆಟ್ ಬಳಸುವುದು ಕಷ್ಟವೂ ಆಗಿರಲಿಲ್ಲ. ಎದುರಿಗೆ ಬಂದು ನಿಂತ ಮನುಷ್ಯನಿಂದ ಹುಟ್ಟುವ ಹೊಣೆಗಾರಿಕೆ ಮತ್ತು ಆಸರೆ ದೂರದಿಂದ ಹುಟ್ಟಲಿಲ್ಲ ಎಂಬುದು ಸಂಶೋಧಕರ ಅಭಿಪ್ರಾಯ. ತರಗತಿಯಲ್ಲಿ ಕುಳಿತವನಿಗೆ ಮಾತ್ರ ಯಾವ ಪಾಠ ಯಾವ ಪಾಠದ ಸಮಯವನ್ನು ಕಬಳಿಸುತ್ತಿದೆ ಎಂಬುದು ಕಂಡೀತು. ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಬೋಧನೆಯ ತರಬೇತಿಗಳನ್ನು ಯೋಜಿಸುವವರು ಈ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕು.

ನಾವು ಎಡವಿದ ಬಗೆ

ಕೊರೊನಾ ಬಳಿಕ ನಮ್ಮ ಶಾಲೆಗಳ ಶಿಕ್ಷಕರಿಗೆಂದು ಸಿದ್ಧ ಆನ್‌ಲೈನ್ ಕೋರ್ಸೊಂದನ್ನು ನಾವೂ ತೆಗೆದುಕೊಂಡೆವು. ತಿಂಗಳೊಳಗೆ ಪ್ರಮಾಣಪತ್ರ ಸಲ್ಲಿಸಬೇಕೆಂಬ ಸುತ್ತೋಲೆಗೆ ಸಹಿ ಹಾಕಿದವರು ನಾವೇ. ಎಲ್ಲರ ಪ್ರಮಾಣಪತ್ರಗಳೂ ಬಂದವು. ಅವನ್ನು ಕಡತಕ್ಕೆ ಸೇರಿಸಿ, ಆಡಳಿತ ಮಂಡಳಿಯ ಸಭೆಯಲ್ಲಿ ತರಬೇತಿ ಸಂಪೂರ್ಣವೆಂದು ವರದಿ ಒಪ್ಪಿಸಿದೆವು.

ಕೆಲವು ತಿಂಗಳ ನಂತರ ತರಗತಿಗಳಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತಾಗ ಪಾಠಗಳು ಇದ್ದಂತೆಯೇ ಇದ್ದವು. ಗುಂಪು ಚಟುವಟಿಕೆಯ ಕೋರ್ಸಿಗೆ ಉತ್ತಮ ಅಂಕ ಪಡೆದವರೂ ಪುಸ್ತಕವನ್ನು ಓದಿಸಿ, ಪ್ರಶ್ನೋತ್ತರ ಬರೆಯಿಸುತ್ತಿದ್ದರು. ಕೋರ್ಸಿನ ಜ್ಞಾನ ಪುಸ್ತಕದ ಬದನೆಕಾಯಿಯಾಗಿತ್ತು. ಬೇಸರದಿಂದಲೇ ವಿಚಾರಿಸಿದೆವು. ಹಿರಿಯ ಶಿಕ್ಷಕಿಯೊಬ್ಬರು ಸಂಕೋಚ ಬಿಟ್ಟು ನಿಜ ಹೇಳಿದರು: ಶಾಲೆಯ ಕೆಲಸ, ಮನೆಗೆಲಸ ಮುಗಿಸಿ ರಾತ್ರಿ ಹತ್ತರ ಮೇಲೆ ವಿಡಿಯೊ ಹಾಕಿ ಪಾತ್ರೆ ತೊಳೆಯುತ್ತಿದ್ದರಂತೆ, ಪ್ರಶ್ನೆಗಳಿಗೆ ಉತ್ತರ ವಾಟ್ಸಾಪ್ ಗುಂಪಿನಲ್ಲಿ ಸಿಗುತ್ತಿತ್ತಂತೆ. ಹೊಸ ವಿಧಾನವೊಂದನ್ನು ಅವರು ತರಗತಿಯಲ್ಲಿ ಒಮ್ಮೆ ಪ್ರಯತ್ನಿಸಿದ್ದರು. ಗದ್ದಲವೆದ್ದಾಗ ಏನು ಮಾಡಬೇಕೆಂದು ಕೇಳಲು ಯಾರೂ ಇರಲಿಲ್ಲ, ಅಲ್ಲಿಗೆ ಕೈಬಿಟ್ಟರು.

ತಪ್ಪು ಆ ತಾಯಿಯದಲ್ಲ. ಪ್ರಮಾಣಪತ್ರ ಕೇಳಿದ್ದೆವು, ಪ್ರಮಾಣಪತ್ರ ಕೊಟ್ಟರು. ಪಾಠ ಬದಲಾಯಿತೇ ಎಂದು ನಾವು ಕೇಳಿಯೇ ಇರಲಿಲ್ಲ.

ಬೆಸೆಯುವ ಬಗೆ

ಅನಂತರ ನಾವು ಬೇರೆ ಕ್ರಮವನ್ನು ಅನುಸರಿಸತೊಡಗಿದೆವು. ಅದು ಪರಿಪೂರ್ಣವೆಂದು ಹೇಳುವ ಧೈರ್ಯ ನಮಗಿಲ್ಲ. ಆದರೂ ಇತರ ಸಂಸ್ಥೆಗಳಿಗೆ ಉಪಯೋಗವಾದೀತೆಂದು ಅದರ ಮುಖ್ಯಾಂಶಗಳನ್ನು ಇಲ್ಲಿ ಇಡುತ್ತಿದ್ದೇವೆ.

ಮೊದಲನೆಯದಾಗಿ, ಹೇಳಿ ತಿಳಿಸಬಹುದಾದುದನ್ನು ಪರದೆಗೆ ಬಿಡಬೇಕು. ಮಾಡಿ ಕಲಿಯಬೇಕಾದುದನ್ನು ಮುಖಾಮುಖಿಗೆ ಉಳಿಸಿಕೊಳ್ಳಬೇಕು. ಪರಿಕಲ್ಪನೆಯ ವಿವರಣೆ, ಮಾದರಿ ಪಾಠದ ವಿಡಿಯೊ, ಓದುವ ಸಾಮಗ್ರಿ ಇವು ಶಿಬಿರಕ್ಕೆ ಒಂದು ವಾರ ಮೊದಲೇ ಶಿಕ್ಷಕರಿಗೆ ತಲುಪುತ್ತವೆ. ಶಿಬಿರದಲ್ಲಿ ಉಪನ್ಯಾಸವಿಲ್ಲ. ಪ್ರತಿಯೊಬ್ಬರೂ ಹತ್ತು ನಿಮಿಷದ ಪಾಠ ಮಾಡುತ್ತಾರೆ, ಉಳಿದವರು ವಿದ್ಯಾರ್ಥಿಗಳಾಗಿ ಕುಳಿತು ಗದ್ದಲವನ್ನೂ ಮಾಡುತ್ತಾರೆ!

ಎರಡನೆಯದಾಗಿ, ಒಮ್ಮೆಗೇ ಸುರಿಯುವುದನ್ನು ಬಿಟ್ಟು ಹನಿಹನಿಯಾಗಿ ಕೊಡಬೇಕು. ಕಲಿತದ್ದನ್ನು ಪುನರಾವರ್ತಿಸದಿದ್ದರೆ ಎಷ್ಟು ಬೇಗ ಮರೆಯುತ್ತೇವೆ ಎಂಬುದನ್ನು ಜರ್ಮನಿಯ ಎಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ. ಐದು ದಿನಗಳ ಒಂದೇ ಶಿಬಿರದ ಬದಲು ಎರಡು ದಿನ ಜೂನ್‌ನಲ್ಲಿ, ಉಳಿದ ದಿನಗಳನ್ನು ವರ್ಷದುದ್ದಕ್ಕೂ ಹಂಚಿದೆವು. ನಡುವಿನ ವಾರಗಳಲ್ಲಿ ಆನ್‌ಲೈನ್ ಭಾಗ ಸೇತುವೆಯಾಗುತ್ತದೆ.

ಮೂರನೆಯದಾಗಿ, ಎರಡೂ ಕಡೆ ಒಬ್ಬರೇ ಮಾರ್ಗದರ್ಶಕರಿರಬೇಕು. ಶಿಬಿರದಲ್ಲಿ ಒಬ್ಬರು, ಪರದೆಯಲ್ಲಿ ಮತ್ತೊಬ್ಬರು, ಪರಿಶೀಲನೆಗೆ ಮಗದೊಬ್ಬರು ಬಂದರೆ ಶಿಕ್ಷಕನಿಗೆ ಯಾರೂ ತನ್ನವರೆನಿಸುವುದಿಲ್ಲ. ಶಿಬಿರದಲ್ಲಿ ಮುಖ ಕಂಡು, ಜೊತೆಗೆ ಕುಳಿತು ಉಂಡವರ ಬಳಿಯಾದರೆ ಮುಂದೆ ಫೋನಿನಲ್ಲಿಯೂ ತನಗೆ ಬಾರದೆಂದು ಹೇಳಿಕೊಳ್ಳಲು ನಾಚಿಕೆಯಾಗದು. ದೂರದ ಮಾತಿಗೆ ಹತ್ತಿರದ ಪರಿಚಯವೇ ಬಂಡವಾಳ.

ನಾಲ್ಕನೆಯದಾಗಿ, ಕಲಿಕೆಯ ಸಾಕ್ಷ್ಯ ತರಗತಿಯಿಂದ ಬರಬೇಕು. ಒಂದು ಕೋರ್ಸು ಮುಗಿಯಿತೆಂದರೆ ಆ ವಿಧಾನದಲ್ಲಿ ಮಾಡಿದ ಒಂದು ಪಾಠ, ಮಕ್ಕಳ ನೋಟುಪುಸ್ತಕದ ಕೆಲವು ಪುಟ, ಎಲ್ಲಿ ಸೋತೆನೆಂಬುದರ ನಾಲ್ಕು ಸಾಲು. ಸೋತದ್ದನ್ನು ಬರೆದವರಿಗೆ ಅಂಕ ಕಳೆಯುವುದಿಲ್ಲ. ಮುಂದಿನ ಭೇಟಿ ಅಲ್ಲಿಂದಲೇ ಆರಂಭವಾಗುತ್ತದೆ.

ಐದನೆಯದಾಗಿ, ಸಮಯ ಮತ್ತು ಸಲಕರಣೆ. ಇದು ಆಡಳಿತದ ಹೊಣೆ, ಶಿಕ್ಷಕರದಲ್ಲ. 2021ರ ‘ಅಸರ್’ ಸಮೀಕ್ಷೆಯಲ್ಲಿ ಸ್ಮಾರ್ಟ್‌ಫೋನ್ ಇದ್ದ ಗ್ರಾಮೀಣ ಮನೆಗಳಲ್ಲೂ ಶೇ. 26.1ರಷ್ಟು ಮಕ್ಕಳಿಗೆ ಅದನ್ನು ಬಳಸಲು ಸಿಗುತ್ತಿರಲಿಲ್ಲವೆಂದು ಕಂಡುಬಂತು. ಮನೆಯಲ್ಲಿ ಫೋನ್ ಇರುವುದು ಬೇರೆ, ಕಲಿಯುವವರಿಗೆ ಅದು ಒದಗುವುದು ಬೇರೆ. ಶಿಕ್ಷಕಿಯ ಮನೆಯ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿರಲಾರದು. ಶನಿವಾರ ಮಧ್ಯಾಹ್ನ ಶಾಲೆಯ ಕಂಪ್ಯೂಟರ್ ಕೊಠಡಿಯನ್ನೇ ತೆರೆದು, ಆ ಹೊತ್ತನ್ನು ಕರ್ತವ್ಯದ ಸಮಯವೆಂದೇ ಪರಿಗಣಿಸತೊಡಗಿದ್ದೇವೆ.

ಖರ್ಚಿನ ಪ್ರಶ್ನೆ

ಇಷ್ಟೆಲ್ಲ ಮಾಡಲು ಹಣವೆಲ್ಲಿಂದ ಎಂಬ ಪ್ರಶ್ನೆ ನಮ್ಮ ಸಭೆಯಲ್ಲಿಯೂ ಎದ್ದಿತ್ತು. ಪರದೆಯಿಂದ ಉಳಿಯುವ ಹಣವನ್ನು ಮನುಷ್ಯರ ಮೇಲೆ ಹೂಡಬೇಕು ಎಂಬುದೇ ಉತ್ತರ. ಸಭಾಂಗಣ, ಪ್ರಯಾಣ, ಮುದ್ರಣಗಳಲ್ಲಿ ಉಳಿದುದನ್ನು ಮಾರ್ಗದರ್ಶಕರ ಶಾಲಾ ಭೇಟಿಗೆ ತಿರುಗಿಸಿದೆವು. ಸರ್ಕಾರದ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆಂದೇ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ವರದಿ, ಮಾಹಿತಿ ಸಂಗ್ರಹಗಳ ಹೊರೆಯಿಂದ ಅವರನ್ನು ಬಿಡಿಸಿ ತರಗತಿಯೊಳಗೆ ಕೂರಿಸಿದರೆ ಹೊಸ ಹುದ್ದೆಗಳ ಅಗತ್ಯವೇ ಬೀಳದು.

2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ನಮ್ಮ ರಾಜ್ಯದ ‘ವಿದ್ಯಾಗಮ’ ಕಾರ್ಯಕ್ರಮದಲ್ಲಿ ಶಿಕ್ಷಕರು ದೇಗುಲದ ಜಗಲಿಗಳಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದ್ದನ್ನು ನಾಡು ಮರೆಯಬಾರದು. ಸೋಂಕಿನ ಭಯದಿಂದ ಅದು ನಡುವೆ ನಿಂತದ್ದೂ ನಿಜವೇ. ಆದರೆ ಪರದೆ ತಲುಪದ ಕಡೆ ಗುರುವೇ ನಡೆದು ಹೋಗಬೇಕೆಂಬ ತಿಳಿವಳಿಕೆ ಅದರಲ್ಲಿತ್ತು. ಮಕ್ಕಳ ವಿಷಯದಲ್ಲಿ ನಾವು ಅಂದು ಒಪ್ಪಿದ ಈ ಸತ್ಯ ಶಿಕ್ಷಕರ ವಿಷಯದಲ್ಲೂ ಸತ್ಯವೇ. ಅವರೂ ಕಲಿಯುವವರೇ, ಅವರ ಬಾಗಿಲಿಗೂ ಯಾರಾದರೂ ಹೋಗಬೇಕು.

ಅರಿವು ಆಚಾರವಾಗಿ ಇಳಿಯದಿದ್ದರೆ ಅದು ಅರಿವೇ ಅಲ್ಲವೆಂದು ನಂಬಿದ ಪರಂಪರೆ ನಮ್ಮದು. ಅನುಭವ ಮಂಟಪದಲ್ಲಿ ಮಾತು ಮಾತಿಗೆ ಎದುರಾಗಿ ಕುಳಿತು ಪರೀಕ್ಷೆಗೆ ಒಳಗಾಗುತ್ತಿತ್ತು. ಪರದೆಯು ಅರಿವನ್ನು ಮನೆಬಾಗಿಲಿಗೆ ತರಲಿ, ಅದಕ್ಕೆ ಕೃತಜ್ಞರಾಗಿರೋಣ. ಅದು ಆಚಾರವಾಗಿದೆಯೇ ಎಂದು ನೋಡಲು ಮಾತ್ರ ನಾವೇ ಎದ್ದು ಹೋಗಬೇಕು. ಶಾಲೆ ನಡೆಸುವ ಆಡಳಿತ ಮಂಡಳಿಯ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ: ಮುಂದಿನ ಸುತ್ತೋಲೆಗೆ ಸಹಿ ಹಾಕುವ ಮುನ್ನ ಒಂದು ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ಬನ್ನಿ.